ಹಾರದ ಮೊಳೆ

ನನಗೊಂದು ಕೆಟ್ಟ ಅಭ್ಯಾಸವಿದೆ, ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿಗೆ ಹೋದ ಕೆಲಸ ಬೇಗ ಮುಗಿದು ಅರ್ಧ ದಿನ ಉಳಿದರೆ ನಾನು ಸೀರೆ ಅಂಗಡಿಯ ಕಡೆ ತಿರುಗುವುದಿಲ್ಲ, ಯಾವುದಾದರೂ ಆರ್ಟ್ ಗ್ಯಾಲರಿಗೆ ಹೋಗುತ್ತೇನೆ. ಇದರಲ್ಲಿ ಕೆಟ್ಟದ್ದೇನು ಬಂತು ಎನ್ನುತ್ತೀರಿ. ತಾಳಿ. ಹೋದ ಮೇಲೆ ನಾನು ಚಿತ್ರ ನೋಡುವುದಿಲ್ಲ, ಚಿತ್ರದ ಮೂಲೆ ನೋಡುತ್ತೇನೆ.

ಚಿತ್ರ ನೋಡಲು ಬಲ್ಲವರು ಮೂರು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಗಲ್ಲಕ್ಕೆ ಬೆರಳಿಟ್ಟು ನಿಲ್ಲುತ್ತಾರೆ. ನಾನು ಮೂರು ಹೆಜ್ಜೆ ಮುಂದೆ ಹೋಗಿ, ಮೂಗು ಗೋಡೆಗೆ ತಾಗುವಷ್ಟು ಬಗ್ಗಿ, ಚೌಕಟ್ಟಿನ ಎರಡು ಪಟ್ಟಿ ಕೂಡುವ ಜಾಗದಲ್ಲಿ ಸಂದು ಬಿಟ್ಟಿದೆಯೇ ಎಂದು ಪರೀಕ್ಷಿಸುತ್ತೇನೆ. ಅವಕಾಶ ಸಿಕ್ಕರೆ ಚಿತ್ರದ ಬೆನ್ನಿನ ಕಡೆಗೂ ಇಣುಕುತ್ತೇನೆ. "ಮೇಡಂ, ಸ್ವಲ್ಪ ಹಿಂದೆ ಬನ್ನಿ" ಎಂಬ ಮಾತನ್ನು ಬೆಂಗಳೂರಿನ ಎಲ್ಲ ಗ್ಯಾಲರಿಗಳ ಕಾವಲುಗಾರರ ಬಾಯಲ್ಲೂ ಕೇಳಿದ್ದೇನೆ. ಕೋಲಾರದ ಕಾಲೇಜಿನ ಲೈಬ್ರರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ವಿಮಲ ಒಮ್ಮೆ ಜೊತೆಗೆ ಬಂದಿದ್ದಳು. ಹೊರಗೆ ಬರುವಾಗ ಅಭಿಪ್ರಾಯ ಬರೆಯುವ ಪುಸ್ತಕದಲ್ಲಿ ಅವಳು ಬಣ್ಣ, ಭಾವ, ಬದುಕು ಎಂದೆಲ್ಲ ನಾಲ್ಕು ಸಾಲು ಬರೆದಳು. ನಾನು ಕೆಳಗೆ "ಮೂಲೆಗಳು ಬಹಳ ಚೆನ್ನಾಗಿ ಕೂತಿವೆ" ಎಂದು ಬರೆದೆ.

"ನಿನ್ನ ಕರ್ಕೊಂಡ್ ಬರೋದೂ ಒಂದೇ, ಬಡಗಿನ ಕರ್ಕೊಂಡ್ ಬರೋದೂ ಒಂದೇ ಕಣೇ" ಎಂದಳು ವಿಮಲ.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ನಮ್ಮಪ್ಪ ಗೋವಿಂದಪ್ಪನದು ಕೋಲಾರದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಅಗಲದ ಅಂಗಡಿ. ಎಡಕ್ಕೆ ಸ್ಟುಡಿಯೋ, ಬಲಕ್ಕೆ ಹೂವಿನವಳು. ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಕೊಂಡು, ಬಂದ ಬಸ್ಸಿಗೇ ವಾಪಸು ಹೋಗಬಹುದಾಗಿತ್ತು.

ಆ ಅಂಗಡಿಯ ವಾಸನೆ ಈಗಲೂ ಮೂಗಿನಲ್ಲಿದೆ. ಕೊಯ್ದ ಮರದ ಹೊಟ್ಟು, ಬಿಸಿ ಅಂಟು, ಹಳೇ ಪೇಪರು, ಪಕ್ಕದ ಅಂಗಡಿಯ ಸುಗಂಧರಾಜ. ಅಪ್ಪ ವಜ್ರದ ಮೊನೆಯಿಂದ ಗಾಜಿನ ಮೇಲೆ ಗೆರೆ ಎಳೆದರೆ 'ಕಿರ್' ಎಂದು ಸದ್ದಾಗಿ ನನ್ನ ಹಲ್ಲೆಲ್ಲ ಜುಮ್ಮೆನ್ನುತ್ತಿತ್ತು. ಆಮೇಲೆ ಒಂದು ತಟ್ಟು, ಗಾಜು ಎರಡು ಹೋಳು. ಸ್ಕೂಲಿನಲ್ಲಿ ನನ್ನ ಜಡೆಯಿಂದ ಮರದ ಹೊಟ್ಟು ಉದುರುವುದನ್ನು ನೋಡಿ ಹುಡುಗಿಯರು "ಇವಳ ತಲೆಗೆ ಗೆದ್ದಲು ಹತ್ತಿದೆ" ಎನ್ನುತ್ತಿದ್ದರು. ಓದಿನಲ್ಲಿ ನನ್ನ ಗತಿ ನೋಡಿದ್ದರೆ ನೀವೂ ನಂಬುತ್ತಿದ್ದಿರಿ.

ಹೋಳೂರು, ಸುಗಟೂರು, ಮುಳಬಾಗಿಲಿನ ಕಡೆಯಿಂದ ಬಸ್ಸಿಳಿದು ಬರುತ್ತಿದ್ದ ಗಿರಾಕಿಗಳಲ್ಲಿ ಮೂರೇ ಜಾತಿ. ಕ್ಯಾಲೆಂಡರಿನ ದೇವರನ್ನು ಸುರುಳಿ ಸುತ್ತಿ ತರುವವರು, ಮದುವೆ ಫೋಟೋ ತರುವವರು, ತೀರಿಕೊಂಡವರ ಫೋಟೋ ತರುವವರು. ಮೂರನೆಯವರದೇ ಕಷ್ಟ. ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಳ್ಳಲು ಯಾರಿಗೆ ಪುರುಸೊತ್ತಿತ್ತು? ಯಾರದೋ ಮದುವೆಯ ಗುಂಪು ಫೋಟೋದಿಂದ ಮುಖವನ್ನು ಕತ್ತರಿಸಿ ತರುತ್ತಿದ್ದರು. ಪಕ್ಕದವರ ಭುಜವೂ ಜೊತೆಗೇ ಬರುತ್ತಿತ್ತು. ಸ್ಟುಡಿಯೋದವನು ಆ ಭುಜ ಅಳಿಸಿ, ತನ್ನ ಕಡೆಯಿಂದ ಒಂದು ಕೋಟು ಟೈ ತೊಡಿಸಿ ಕೊಡುತ್ತಿದ್ದ. ಒಮ್ಮೆ ಒಬ್ಬ ಹೆಂಗಸು ಹಾಗೆ ಕೋಟು ತೊಟ್ಟ ಗಂಡನನ್ನು ಬಹಳ ಹೊತ್ತು ನೋಡಿ, "ಕೋಟು ತೆಗೆಸ್ಕೊಡಿ ಅಣ್ಣ, ಅವ್ರಿಗೆ ಸೆಖೆ ತಡೆಯಾಕಾಗಲ್ಲ" ಎಂದಳು. ಅಪ್ಪ ಎದ್ದು ಸ್ಟುಡಿಯೋಗೆ ಹೋಗಿ ಬಿಳೀ ಅಂಗಿ ಹಾಕಿಸಿಕೊಂಡು ಬಂದ.

ಈಗ ಮೊಳೆಯ ವಿಷಯ. ದೇವರ ಕಟ್ಟಿಗೂ ತೀರಿಕೊಂಡವರ ಕಟ್ಟಿಗೂ ಅಪ್ಪ ಮೇಲುಗಡೆ ಎರಡು ಕೊನೆಗೆ ಎರಡು ಪುಟ್ಟ ಹಿತ್ತಾಳೆ ಮೊಳೆ ಹೊಡೆಯುತ್ತಿದ್ದ, ಹಾರ ಹಾಕುವುದಕ್ಕೆ. ಮದುವೆ ಫೋಟೋಗೆ ಹೊಡೆಯುತ್ತಿರಲಿಲ್ಲ. ಬದುಕಿರುವವರ ಫೋಟೋಗೆ ಹಾರ ಹಾಕುವುದಿರಲಿ, ಹಾರಕ್ಕೆಂದು ಮೊಳೆ ಹೊಡೆದರೂ ನಮ್ಮ ಕಡೆ ಅಪಶಕುನ. ಆದರೆ ತಂದದ್ದು ಬದುಕಿರುವವರ ಫೋಟೋವೋ ಅಲ್ಲವೋ ಎಂದು ಅಪ್ಪ ಯಾವತ್ತೂ ಯಾರನ್ನೂ ಕೇಳಿದವನಲ್ಲ. ಒಂದೇ ಮುಖ, ನೇರ ನೋಟ ಇದ್ದರೆ ಎರಡು ಮೊಳೆ. ಅವನ ಲೆಕ್ಕಾಚಾರ ಅಷ್ಟೆ.

"ತಪ್ಪಾದ್ರೆ ಏನಪ್ಪ ಮಾಡ್ತೀಯ? ಒಂದ್ಮಾತು ಕೇಳಬಾರ್ದಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಇದಾರಾ ಹೋದ್ರಾ ಅಂತ ಕೇಳ್ತಾರೇನಮ್ಮ? ಕೇಳ್ದೋನ ಬಾಯಲ್ಲಿ ಹುಳ ಬೀಳ್ತದೆ" ಎಂದ ಅಪ್ಪ. "ಅವ್ರು ಅಳು ನುಂಗ್ಕೊಂಡು ಮೆಟ್ಲು ಹತ್ತಿರ್ತಾರೆ. ನಾನು ಕೇಳೋದು, ಅವ್ರು ಮತ್ತೆ ಅಳೋದು, ಯಾಕೆ ಬೇಕು?"

ಆ ಲೆಕ್ಕಾಚಾರ ನಲವತ್ತು ವರ್ಷ ತಪ್ಪಲಿಲ್ಲ. ಯಾಕೆಂದರೆ ಬದುಕಿರುವ ಮನುಷ್ಯ ತನ್ನ ಒಬ್ಬನದೇ ಮುಖಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಕೊಳ್ಳುವುದನ್ನು ನಮ್ಮ ಗಲ್ಲಿ ಕಂಡಿರಲಿಲ್ಲ.

ಅಪ್ಪನಿಗೆ ಗ್ಯಾಲರಿಯ ಹುಚ್ಚು ಹತ್ತಿದ್ದೂ ಅಂಗಡಿಯಿಂದಲೇ. ಕಟ್ಟಿನ ಪಟ್ಟಿ ತರಲು ಬೆಂಗಳೂರಿನ ಪೇಟೆಗೆ ಹೋಗುವಾಗ ರಜವಿದ್ದರೆ ನನ್ನನ್ನೂ ಕರೆದೊಯ್ಯುತ್ತಿದ್ದ. ಪಟ್ಟಿಯ ಹೊರೆಯನ್ನು ಅಂಗಡಿಯಲ್ಲೇ ಬಿಟ್ಟು, "ಬಾ, ದೊಡ್ಡೋರ ಕಟ್ಟು ನೋಡ್ಕೊಂಡು ಬರೋಣ" ಎಂದು ಗ್ಯಾಲರಿಗೆ ನಡೆಸುತ್ತಿದ್ದ. ಬಾಗಿಲ ಹೊರಗೇ ಚಪ್ಪಲಿ ಬಿಡುತ್ತಿದ್ದ. ಬಿಡಬೇಕಾಗಿಲ್ಲ ಎಂದು ಕಾವಲುಗಾರ ಹೇಳಿದರೆ, "ಇರ್ಲಿ ಬಿಡಪ್ಪ, ಒಳಗೆ ಎಷ್ಟು ದೇವ್ರಿದಾವೋ" ಎನ್ನುತ್ತಿದ್ದ. ಅವನ ಹಿಂದೆ ನಾನೂ ಬರಿಗಾಲಲ್ಲಿ, ತಣ್ಣಗೆ ಕೊರೆಯುವ ಕಲ್ಲಿನ ನೆಲದ ಮೇಲೆ. ಮುಟ್ಟುವ ಹಾಗಿಲ್ಲವಾದ್ದರಿಂದ ಅಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೇ ಓಡಾಡುತ್ತಿದ್ದ. ಇಲ್ಲದಿದ್ದರೆ ಆ ಕೈ ತಾನಾಗಿಯೇ ಮೂಲೆ ಸವರಲು ಹೋಗುತ್ತಿತ್ತು.

ಒಂದು ಕೋಣೆಯ ಗೋಡೆಯಷ್ಟೆತ್ತರಕ್ಕೆ ಒಬ್ಬ ರಾಜರ ಚಿತ್ರವಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ "ಆ ರಾಜರು ಯಾರಪ್ಪ?" ಎಂದು ಕೇಳಿದೆ.

"ರಾಜರಿದ್ರಾ?" ಎಂದ ಅಪ್ಪ. ಸ್ವಲ್ಪ ಹೊತ್ತು ಯೋಚಿಸಿ, "ಇರಬೇಕು. ಬೀಟೆ ಮರದ ಕಟ್ಟು" ಎಂದ.

ಹೊಸ ಕಾಲದ ಚಿತ್ರಗಳನ್ನು ಕಟ್ಟಿಲ್ಲದೆ ಹಾಗೇ ನೇತುಹಾಕಿರುತ್ತಾರಲ್ಲ, ಅದನ್ನು ಮಾತ್ರ ಅಪ್ಪ ಕೊನೆಯವರೆಗೂ ಒಪ್ಪಲಿಲ್ಲ. "ಪಂಚೆ ಉಡದೆ ಬೀದಿಗೆ ಬಂದಂಗೈತೆ" ಎಂದು ಮುಖ ತಿರುಗಿಸಿಕೊಂಡು ಮುಂದೆ ಹೋಗುತ್ತಿದ್ದ.

ನಮ್ಮ ಡ್ರಾಯಿಂಗ್ ಮೇಷ್ಟ್ರು ಪಿಳ್ಳಪ್ಪನವರು ಇಲ್ಲಿ ಬರಬೇಕು. ಟೇಕಲ್ಲಿನವರು. ಕೋಲಾರದ ನಮ್ಮ ಹೈಸ್ಕೂಲಿಗೆ ದಿನವೂ ಬಂದು ಹೋಗುತ್ತಿದ್ದರು. ಮಾವಿನಕಾಯಿ ಬರೆಯಿರಿ ಎಂದರೆ ನನ್ನದು ಬದನೆಕಾಯಿಯಾಗುತ್ತಿತ್ತು, ಹೂಜಿ ಬರೆಯಿರಿ ಎಂದರೆ ಅದೂ ಬದನೆಕಾಯಿಯೇ. ಮೇಷ್ಟ್ರು ಬೈಯುತ್ತಿರಲಿಲ್ಲ. ನನ್ನ ಹಾಳೆಯನ್ನು ಎತ್ತಿ ಹಿಡಿದು, "ಸರೋಜಾ, ಮಾರ್ಜಿನ್ ಮಾತ್ರ ನೀನೇ ಹಾಕಬೇಕು" ಎನ್ನುತ್ತಿದ್ದರು. ಅದು ಹೊಗಳಿಕೆ ಎಂದೇ ನಾನು ಬಹಳ ವರ್ಷ ನಂಬಿದ್ದೆ.

ಸ್ಕೂಲು ಬಿಟ್ಟ ಮೇಲೆ ಮೇಷ್ಟ್ರು ಅಪ್ಪನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದರು. ಕಟ್ಟಿನ ಬೆನ್ನಿಗೆ ಅಂಟಿಸಲೆಂದು ಇಟ್ಟಿದ್ದ ಹಳೇ ಪೇಪರುಗಳನ್ನು ಅಂಟಿಸುವ ಮೊದಲು ಗಟ್ಟಿಯಾಗಿ ಓದುತ್ತಿದ್ದರು. ಮೂರು ವರ್ಷದ ಹಿಂದಿನ ಸುದ್ದಿಗೆ ಇಬ್ಬರೂ ಇವತ್ತಿನದೆಂಬಂತೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಓದುತ್ತ ಓದುತ್ತ ಮೇಷ್ಟ್ರ ಕನ್ನಡಕ ಎಲ್ಲೋ ಕಳೆದುಹೋಗುತ್ತಿತ್ತು. ಅದನ್ನು ಹುಡುಕಿಕೊಡುವುದು ನನ್ನ ಪಾಲಿನ ಕೆಲಸ. ಒಮ್ಮೆ ಯಾರದೋ ಮದುವೆ ಫೋಟೋದ ಒಳಗೆ, ಗಾಜಿನ ಕೆಳಗೆ ಸಿಕ್ಕಿತ್ತು.

ಮೇಷ್ಟ್ರು ಬರೆಯುತ್ತಿದ್ದುದು ಬಂಡೆ. ಟೇಕಲ್ ಬೆಟ್ಟದ ಬಂಡೆಗಳ ಹೊರತು ಬೇರೇನನ್ನೂ ಬರೆದವರಲ್ಲ. ರಿಟೈರಾದ ಮೇಲೆ ಅವರಿಗೆ ಎದೆಯ ಆಪರೇಷನ್ ಆಯಿತು. ಎದ್ದು ಕೂತವರು ಮತ್ತೆ ಬಂಡೆಯನ್ನೇ ಬರೆದರು. ಬೆಂಗಳೂರಿನಲ್ಲಿ ಹೆಸರು ಮಾಡಿದ್ದ ಅವರ ಹಳೇ ಶಿಷ್ಯನೊಬ್ಬ ಬಂದು ನೋಡಿ, ಪ್ರದರ್ಶನ ಮಾಡಿಯೇ ತೀರುತ್ತೇನೆಂದು ಗ್ಯಾಲರಿ ಗೊತ್ತು ಮಾಡಿದ. ಮೇಷ್ಟ್ರು ಹನ್ನೆರಡು ಚಿತ್ರಗಳನ್ನು ಹೆಂಡತಿ ರತ್ನಮ್ಮನವರ ಹಳೇ ಸೀರೆಗಳಲ್ಲಿ ಸುತ್ತಿ ಅಪ್ಪನ ಅಂಗಡಿಗೆ ಕಳಿಸಿದರು.

ಆಗ ಅಪ್ಪನ ಕಣ್ಣಿಗೆ ಪೊರೆ ಬರಲು ಶುರುವಾಗಿತ್ತು. "ಸಾಕು, ಅಂಗಡಿ ಮುಚ್ಚು. ಯಾರ ಕಟ್ಟಾದ್ರೂ ಸೊಟ್ಟ ಮಾಡಿ ಹೆಸರು ಕೆಡಿಸ್ಕೋತೀಯ" ಎಂದು ಅಮ್ಮ ದಿನವೂ ಹೇಳುತ್ತಿದ್ದಳು. ಅಪ್ಪ ಬೆರಳಿನಿಂದ ಮೂಲೆ ಸವರಿ ನೋಡಿಕೊಂಡು ಕೆಲಸ ಮಾಡುತ್ತಿದ್ದ. ಹನ್ನೆರಡು ಕಟ್ಟುಗಳೂ ಹೇಳಿದ ದಿನಕ್ಕೆ ಸಿದ್ಧವಾಗಿ, ಅಂಗಡಿಯಿಂದ ನೇರ ಬೆಂಗಳೂರಿಗೆ ಹೋದವು. ಗ್ಯಾಲರಿಯ ಗೋಡೆಗೆ ತನ್ನ ಕಟ್ಟು ಹೋಗುತ್ತದೆ ಎಂದು ಅಪ್ಪ ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ. ಹೊಸ ಪಂಚೆ ತಂದ. "ದೊಡ್ಡೋರ ಕಟ್ಟು ನೋಡಾಯ್ತು, ಇನ್ನು ಅವ್ರು ನಮ್ದು ನೋಡ್ಲಿ" ಎಂದು ಅಮ್ಮನಿಗೆ ಕೇಳುವ ಹಾಗೆ ನನಗೆ ಹೇಳಿದ.

ಪ್ರದರ್ಶನದ ದಿನ ಬೆಳಿಗ್ಗೆ ನಾನೂ ಅಪ್ಪನೂ ಕೋಲಾರದಿಂದ ಮೊದಲ ಬಸ್ಸಿಗೇ ಹೊರಟು ಎಲ್ಲರಿಗಿಂತ ಮುಂಚೆ ತಲುಪಿದೆವು. ಮೇಷ್ಟ್ರು ರೈಲಿನಲ್ಲಿ ಬರುತ್ತಿದ್ದ ಟೇಕಲ್ಲಿನವರನ್ನು ಎದುರುಗೊಳ್ಳಲು ಸ್ಟೇಷನ್ನಿಗೆ ಹೋಗಿದ್ದರು. ಮಂಡಿನೋವಿಗೆ ಅಪ್ಪ ಅಂಗಳದ ಬೆಂಚಿನ ಮೇಲೆ ಕೂತ. "ನೀ ನೋಡ್ತಾ ಇರು, ಬರ್ತೀನಿ" ಎಂದ. ನಾನು ಒಬ್ಬಳೇ ಒಳಗೆ ಹೋದೆ.

ಬಿಳೀ ಗೋಡೆಯ ಮೇಲೆ ಹನ್ನೊಂದು ಬಂಡೆಗಳು. ಮೂಲೆಗಳೆಲ್ಲ ಅಚ್ಚುಕಟ್ಟು. ಹೆಮ್ಮೆಯಿಂದ ನಡೆಯುತ್ತ ಹನ್ನೆರಡನೆಯದರ ಮುಂದೆ ಬಂದೆ. ಅದು ಬಂಡೆಯಲ್ಲ, ಮುಖ. ತಲೆಗೆ ಟವೆಲ್ ಸುತ್ತಿ, ನೆರೆತ ಮೀಸೆ ಬಿಟ್ಟ ಹಳ್ಳಿಯ ಮುದುಕ, ನೇರವಾಗಿ ನನ್ನನ್ನೇ ನೋಡುತ್ತಿದ್ದಾನೆ. ಯಾರಿದು ಎಂದು ಕೆಳಗಿನ ಚೀಟಿ ಓದಿದೆ. 'ನಾನು' ಎಂದು ಬರೆದಿತ್ತು. ಆಮೇಲೆ ಕಣ್ಣು ನೋಡಿದೆ. ಮೇಷ್ಟ್ರೇ. ಕನ್ನಡಕವಿಲ್ಲ, ಇಲ್ಲದ ಮೀಸೆ ಬಂದಿದೆ, ಕಣ್ಣು ಮಾತ್ರ ಅವರದೇ. ನನ್ನ ನೋಟ ಅಭ್ಯಾಸದಂತೆ ಮೂಲೆಗೆ ಹೋಯಿತು. ಮೇಲುಗಡೆ ಎರಡು ಕೊನೆಯಲ್ಲಿ ಎರಡು ಹಿತ್ತಾಳೆ ಮೊಳೆ ಫಳಫಳ ಹೊಳೆಯುತ್ತಿದ್ದವು.

ಮೇಷ್ಟ್ರ ಕಣ್ಣಿಗೆ ಅದು ಬಿದ್ದಿರಲಿಲ್ಲ, ಸರಿ. ಚಿತ್ರ ಬರೆಯುವವರಿಗೆ ಕಟ್ಟು ಕಾಣುವುದಿಲ್ಲ. ಆದರೆ ರತ್ನಮ್ಮನವರಿಗೆ ಕಾಣದೆ ಇರುತ್ತದೆಯೇ? ಆಪರೇಷನ್ ಆದಾಗಿನಿಂದ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಗಂಡನ ಎದೆ ಮುಟ್ಟಿ ನೋಡುವ ಹೆಂಗಸು ಆಕೆ. ಆಕೆ ನೋಡಿ ಒಂದು ಮಾತು ಅಂದರೆ ಅಪ್ಪ ಮತ್ತೆ ಉಳಿ ಮುಟ್ಟುವುದಿಲ್ಲ. ನಲವತ್ತು ವರ್ಷ ಎಲ್ಲರ ನೋವನ್ನು ಕಾಪಾಡಿಕೊಂಡು ಬಂದ ಮನುಷ್ಯ, ಕಡೆಗೆ ಜೀವದ ಗೆಳೆಯನ ನೆತ್ತಿಯ ಮೇಲೆ ಹಾರದ ಮೊಳೆ ಹೊಡೆದ ಎಂದಾಗಬಾರದು. ಅವರು ಬರುವುದರೊಳಗೆ ಮೊಳೆ ಕೀಳಬೇಕು. ಕೈಚೀಲದಿಂದ ಬೀರುವಿನ ಬೀಗದ ಕೈ ತೆಗೆದೆ.

"ಮೇಡಂ, ಮುಟ್ಟಬಾರ್ದು" ಎಂದು ಕಾವಲುಗಾರ ಓಡಿ ಬಂದ. ಮಾತಿನ ರಾಗದಲ್ಲೇ ನಮ್ಮ ಸೀಮೆಯವನೆಂದು ಗೊತ್ತಾಯಿತು.

"ಯಾವೂರಪ್ಪ ನಿಂದು?"

"ಶ್ರೀನಿವಾಸಪುರ. ಯಾಕೆ ಮೇಡಂ?"

ನಾನು ಮೊದಲು ಮೊಳೆ ತೋರಿಸಿದೆ, ಆಮೇಲೆ ಚೀಟಿ ತೋರಿಸಿದೆ. ನಿನ್ನೆ ಸಂಜೆ ಮೇಷ್ಟ್ರು ಅವನಿಗೆ ಟೀ ಕೊಡಿಸಿದ್ದರಂತೆ. ಎರಡನ್ನೂ ನೋಡಿದವನು, "ಅಯ್ಯೋ ದೇವುಡಾ" ಎಂದ. ಬೆಂಗಳೂರಿನವನಾಗಿದ್ದರೆ ನಾನು ಅರ್ಧ ಗಂಟೆ ವಿವರಿಸಬೇಕಾಗುತ್ತಿತ್ತು.

"ಬದುಕಿರೋರ ತಲೆ ಮೇಲೆ ಹಾರದ ಮೊಳೆನಾ? ಕ್ಯಾಮೆರಾ ಐತಕ್ಕ, ಬೇಗ ಕಿತ್ತಾಕು" ಎಂದು, ಕ್ಯಾಮೆರಾಕ್ಕೆ ಅಡ್ಡವಾಗಿ ನನ್ನ ಬೆನ್ನ ಹಿಂದೆ ಗೋಡೆಯ ಹಾಗೆ ನಿಂತ. ಮೇಡಂ ಹೋಗಿ ಅಕ್ಕ ಆಗಿದ್ದೆ.

ಬೀಗದ ಕೈಯ ಮೊನೆಯನ್ನು ಮೊಳೆಯ ತಲೆಯ ಕೆಳಗೆ ತೂರಿಸಿ, ಮರಕ್ಕೆ ಗೀರು ಬೀಳದ ಹಾಗೆ ಕರ್ಚೀಫು ಕೊಟ್ಟು, ಮೆಲ್ಲಗೆ ಮೀಟಿದೆ. ಎಡಗಡೆಯದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎದ್ದು ಕಡೆಗೂ ಕೈಗೆ ಬಂತು. ಬಲಗಡೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅಪ್ಪ ಹೊಡೆದ ಮೊಳೆ. ಅದರ ಗಟ್ಟಿತನಕ್ಕೆ ಹೆಮ್ಮೆ ಪಡಬೇಕೋ ಅಳಬೇಕೋ ತಿಳಿಯದೆ ಮೀಟುತ್ತಿರುವಾಗಲೇ ಅಂಗಳದಲ್ಲಿ ಮಾತು ಕೇಳಿಸಿತು. ಟೇಕಲ್ಲು ಬಂದಿಳಿದಿತ್ತು.

ಹದಿನಾಲ್ಕು ಜನ. ಜೊತೆಗೆ ಮೇಷ್ಟ್ರೂ ಅಪ್ಪನೂ. ಎಲ್ಲರೂ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದರು. ಅವರ ಹಿಂದೆ ಬಂದ ಬೆಂಗಳೂರಿನ ಇಬ್ಬರು ಯುವಕರು ಸಾಲಾಗಿ ಬಿಟ್ಟ ಚಪ್ಪಲಿ ನೋಡಿ, ಇಲ್ಲಿ ಹೀಗೇ ಇರಬೇಕೆಂದು ಬೂಟು ಬಿಚ್ಚಿ, ಕಾಲುಚೀಲದಲ್ಲಿ ಜಾರುತ್ತ ಬಂದರು. ಬಂಡೆಗಳ ಮುಂದೆ ಟೇಕಲ್ಲಿನವರು ನಿಂತು, "ಇದು ನಮ್ ಹುಣಿಸೆ ಮರದ ಹಿಂದಿಂದು", "ಇದರ ಮೇಲೆ ನಾನು ಬಿದ್ದಿದ್ದು" ಎಂದು ಗುರುತು ಹಿಡಿಯತೊಡಗಿದರು. ಆ ದಿನ ಆ ಗ್ಯಾಲರಿಯಲ್ಲಿ ಗಲ್ಲಕ್ಕೆ ಬೆರಳಿಟ್ಟು ನಿಂತವರು ಯಾರೂ ಇರಲಿಲ್ಲ.

ಮುಖದ ಚಿತ್ರಕ್ಕೆ ಅಡ್ಡವಾಗಿ ನಾನು ನಿಂತುಕೊಂಡೆ. ರತ್ನಮ್ಮನವರು ಬಾಳೆಯೆಲೆಯ ಪೊಟ್ಟಣ ಬಿಚ್ಚಿ ಸುಗಂಧರಾಜದ ದಪ್ಪ ಹಾರ ತೆಗೆದರು. ಎಲ್ಲರೆದುರು ಗಂಡನಿಗೆ ತಾವೇ ಹಾಕಲು ನಾಚಿಕೊಂಡು, "ಅಣ್ಣ, ನೀವೇ ಹಾಕಿ. ಇಷ್ಟು ದಿನ ಜೊತೆಗಿದ್ದೋರು" ಎಂದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಮೇಷ್ಟ್ರ ಕೊರಳಿಗೆ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾರ ಹಾಕಿಸಿಕೊಂಡ ದೊಡ್ಡ ಮನುಷ್ಯರು ಏನು ಮಾಡುತ್ತಾರೆ? ತಕ್ಷಣ ತೆಗೆದುಬಿಡುತ್ತಾರೆ, ಅದೇ ಮರ್ಯಾದೆ. ಮೇಷ್ಟ್ರೂ ತೆಗೆದರು. ತೆಗೆದು, ಇಡಲು ಜಾಗ ಹುಡುಕಿದರು. ಅಲ್ಲಿ ಮೇಜಿಲ್ಲ, ಕುರ್ಚಿಯಿಲ್ಲ, ಸುತ್ತ ಬರೀ ಬಿಳೀ ಗೋಡೆ.

"ಸ್ವಲ್ಪ ಸರ್ಕೋ ಸರೋಜಾ" ಎಂದರು.

ಮೇಷ್ಟ್ರು ಸರ್ಕೋ ಎಂದರೆ ಸರಿಯುವುದು, ಹೈಸ್ಕೂಲಿನ ಅಭ್ಯಾಸ. ಸರಿದೆ. ಅವರು ಹಾರವನ್ನು ಹಾಯಾಗಿ ಆ ಉಳಿದ ಒಂದು ಮೊಳೆಗೆ ಸಿಕ್ಕಿಸಿ, ಕೈ ಒರೆಸಿಕೊಂಡು ಈ ಕಡೆ ತಿರುಗಿದರು.

ಅರ್ಧ ಮುಖಕ್ಕೆ ಹಾರ ಇಳಿಬಿದ್ದಿತ್ತು. ಕೆಳಗೆ 'ನಾನು'. ಹುಣಿಸೆ ಮರದ ಮಾತು ನಿಂತಿತು. ಕಾವಲುಗಾರ ಕಣ್ಣು ಮುಚ್ಚಿಕೊಂಡ. ಅಪ್ಪ ನಾಲ್ಕು ಹೆಜ್ಜೆ ಮುಂದೆ ಬಂದು, ಬಗ್ಗಿ, ಚೀಟಿ ಓದಿದ, ಮೊಳೆ ನೋಡಿದ. ಬೆನ್ನ ಹಿಂದೆ ಅವನ ಎಡಗೈ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡದ್ದು ನನಗೊಬ್ಬಳಿಗೇ ಕಾಣಿಸಿತು. ಇಡೀ ಗ್ಯಾಲರಿಯಲ್ಲಿ ಏನೂ ತಿಳಿಯದೆ ನಗುತ್ತಿದ್ದವರು ಮೇಷ್ಟ್ರು ಒಬ್ಬರೇ.

ರತ್ನಮ್ಮನವರು ಚಿತ್ರವನ್ನು ನೋಡಿದರು. ಆಮೇಲೆ ಅಪ್ಪನ ಮುಖವನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ, ನನಗಂತೂ ಟೇಕಲ್ಲಿಗೆ ಹೋಗಿ ಬಂದಷ್ಟಾಯಿತು. ಸೀದಾ ಹೋಗಿ ಹಾರ ತೆಗೆದರು. ಗ್ಯಾಲರಿಯ ನಡುಮಧ್ಯೆ ನೆಲದ ಮೇಲೆ ಕಾಲು ಮಡಚಿ ಕೂತರು. ಗಂಟು ಬಿಚ್ಚಿ, ದಾರ ಕಿತ್ತು, ಮೊದಲು ತಮ್ಮ ತುರುಬಿಗೆ ಒಂದು ಗೇಣು ಹೂವು ಮುಡಿದುಕೊಂಡರು.

"ಬನ್ರಮ್ಮ, ಮುಡ್ಕೊಳಿ. ಒಳ್ಳೇ ದಿನ, ಹೂವು ಬಾಡಾಕ್ ಬಿಡಬಾರ್ದು" ಎಂದರು.

ಟೇಕಲ್ಲಿನ ಹೆಂಗಸರು ಸುತ್ತ ಕೂತು ಮುಡಿದುಕೊಂಡರು. ನನಗೂ ಮುಡಿಸಿದರು. ಬಾಗಿಲ ಬಳಿ ಕೂತಿದ್ದ ಗ್ಯಾಲರಿಯ ಹುಡುಗಿಗೆ ಕತ್ತಿನವರೆಗೂ ಬಾರದ ಕೂದಲು. ಅವಳಿಗೂ ಪಿನ್ನು ಹಾಕಿ ಸಿಕ್ಕಿಸಿದರು. ಅಪಶಕುನವಾಗಬೇಕಿದ್ದ ಹಾರ ಹತ್ತು ತಲೆಗಳಿಗೆ ಹಂಚಿಹೋಯಿತು. ಆಮೇಲೆ ರತ್ನಮ್ಮನವರು ಎದ್ದು, ಸೀರೆ ಕೊಡವಿಕೊಂಡು, ಅಪ್ಪನಿಗೆ ಹೇಳಿದರು:

"ಆ ಮೊಳೆ ಇರ್ಲಿ ಬಿಡಣ್ಣ, ಕೀಳ್ಬೇಡಿ. ಇವ್ರಿಗೆ ಕನ್ನಡಕ ಇಡಾಕೆ ಮನೇಲಿ ಒಂದು ಜಾಗ ಅಂತಿರ್ಲಿಲ್ಲ."

"ಹೌದಲ್ವಾ" ಎಂದರು ಮೇಷ್ಟ್ರು, ಬಹಳ ಸಂತೋಷದಿಂದ.

ನಾನು ಅಲ್ಲಿಯವರೆಗೂ ಹೆದರಿದ್ದು ಈ ಹೆಂಗಸಿಗೆ. ಅಂದಿನಿಂದ ನಾನು ಯಾರನ್ನಾದರೂ ಬುದ್ಧಿವಂತರು ಎಂದುಕೊಂಡರೆ ರತ್ನಮ್ಮನವರನ್ನು ನೆನೆಸಿಕೊಂಡು ಆ ಮೆಚ್ಚಿಕೆಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತೇನೆ.

ಸಂಜೆ ಬಸ್ಸಿನಲ್ಲಿ ಅಪ್ಪ ಹೊಸಕೋಟೆ ದಾಟುವವರೆಗೂ ಹೊರಗೆ ನೋಡುತ್ತ ಕೂತಿದ್ದ. ಆಮೇಲೆ ಕಿಟಕಿಯಿಂದ ಕಣ್ಣು ತೆಗೆಯದೆ ಕೈ ಚಾಚಿದ.

"ಕೊಡಮ್ಮ."

"ಏನಪ್ಪ?"

"ಇನ್ನೊಂದು ಮೊಳೆ."

ಕರ್ಚೀಫಿನಿಂದ ತೆಗೆದು ಕೊಟ್ಟೆ. ಅಪ್ಪ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿ ನೋಡಿದ.

"ಪೊರೆ ಬಂದು ಕಾಣಿಸ್ಲಿಲ್ಲ ಅಂದ್ಕೊಂಡ್ಯಾ? ಮುಖ ಕಾಣಿಸ್ತು" ಎಂದ. "ಟವೆಲ್ಲು, ಮೀಸೆ ನೋಡಿ ಅವರಪ್ಪ ಅಂದ್ಕೊಂಡೆ. ಆ ತಾತ ಹೋಗಿ ಬಹಳ ಕಾಲ ಆ‌ಯ್ತು. ಆಪರೇಷನ್ ಆದ್ಮೇಲೆ ಅಪ್ಪನ್ನ ನೆನೆಸ್ಕೊಂಡು ಬರ್ದಿದಾರೆ, ಕೇಳಿ ಯಾಕೆ ನೋಯಿಸ್ಲಿ ಅಂತ ಕೇಳ್ಲಿಲ್ಲ."

ಮೇಷ್ಟ್ರು ಬರೆದದ್ದು ತಮ್ಮಪ್ಪನ ಟವೆಲ್ಲು, ಮೀಸೆಯಲ್ಲಿ ತಮ್ಮನ್ನೇ. ಅಪ್ಪ ಮೊಳೆಯನ್ನು ಬೆಳಕಿಗೆ ಹಿಡಿದ.

"ಬಗ್ಗಿಲ್ಲ" ಎಂದ. "ಮರಕ್ಕೆ ಗೀರೂ ಬಿದ್ದಿಲ್ಲ. ಚೆನ್ನಾಗಿ ಕಿತ್ತಿದೀಯ."

ಕೆಲಸದ ವಿಷಯಕ್ಕೆ ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಮೊಳೆಯನ್ನು ನನ್ನ ಕೈಗೇ ಹಾಕಿ, "ಇಟ್ಕೋ" ಎಂದ. ಅಮ್ಮನಿಗೆ ಇಬ್ಬರೂ ಹೇಳಲಿಲ್ಲ. ಅಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮತ್ತೆ ನಾಲ್ಕು ವರ್ಷ ಅಂಗಡಿ ನಡೆಸಿದ. ಒಂದೇ ಒಂದು ಬದಲಾವಣೆ. ಒಂಟಿ ಮುಖ ಬಂದರೆ, ಗಿರಾಕಿಯ ಕಡೆ ನೋಡದೆ, ಗಾಜು ಒರೆಸುತ್ತ, "ಹೂವಿಗೆ ಮೊಳೆ ಬೇಕಾಗ್ತದಾ?" ಎಂದು ಮೆಲ್ಲಗೆ ಕೇಳುತ್ತಿದ್ದ. ಯಾರೂ ಅಳಲಿಲ್ಲವಂತೆ. ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ಅವನಿಗೇ ಆಶ್ಚರ್ಯ.

ಹೋದ ವರ್ಷ ಅಪ್ಪ ತೀರಿಕೊಂಡ. ನಲವತ್ತಕ್ಕೂ ಹೆಚ್ಚು ವರ್ಷ ಊರವರ ಮುಖಕ್ಕೆಲ್ಲ ಕಟ್ಟು ಹಾಕಿದವನದು ಒಂದು ಸರಿಯಾದ ಫೋಟೋ ಮನೆಯಲ್ಲಿರಲಿಲ್ಲ. ಇದ್ದದ್ದು ನನ್ನ ಮದುವೆಯ ಗುಂಪು ಫೋಟೋ, ಅದರಲ್ಲೂ ಅಪ್ಪನ ಅರ್ಧ ಮುಖಕ್ಕೆ ಯಾರದೋ ಭುಜ. ಸ್ಟುಡಿಯೋದವನು ಕೋಟು ಹಾಕಿಕೊಡಲೇ ಎಂದು ಕೇಳಿದ. ಬೇಡ, ಅಪ್ಪನಿಗೆ ಸೆಖೆ ತಡೆಯಲಾಗುವುದಿಲ್ಲ ಎನ್ನಲು ಹೋಗಿ ಅಲ್ಲೇ ಅತ್ತುಬಿಟ್ಟೆ.

ತಿಥಿಯ ಹಿಂದಿನ ದಿನ ಮೇಷ್ಟ್ರು ಒಂದು ಚಿತ್ರ ಬರೆದು ಕಳಿಸಿದರು. ಅಪ್ಪ ಬಗ್ಗಿಕೊಂಡು ಮೂಲೆ ಕೂಡಿಸುತ್ತಿದ್ದಾನೆ. ನಮ್ಮ ಕಡೆ ನೋಡುತ್ತಿಲ್ಲ, ಕೆಲಸ ನೋಡುತ್ತಿದ್ದಾನೆ. ಬೇರೆ ಅಂಗಡಿಯಲ್ಲಿ ಕಟ್ಟು ಹಾಕಿಸಿದೆ. ಮೂಲೆಯಲ್ಲಿ ಸಂದು ಬಿಟ್ಟಿತ್ತು. ಜಗಳವಾಡಲು ಶಕ್ತಿಯಿರಲಿಲ್ಲ, ಹಾಗೇ ಮನೆಗೆ ತೆಗೆದುಕೊಂಡು ಬಂದೆ. ಹಾರಕ್ಕೆ ಮೊಳೆ ಹೊಡೆದಿರಲಿಲ್ಲ. ನನ್ನ ಕೈಚೀಲದ ಒಳಜೇಬಿನಲ್ಲಿ ಒಂದೇ ಒಂದು ಇತ್ತು.

ತಿಥಿಯ ದಿನ ಮೇಷ್ಟ್ರೂ ರತ್ನಮ್ಮನವರೂ ಟೇಕಲ್ಲಿನಿಂದ ಬೆಳಿಗ್ಗೆಯೇ ಬಂದರು. ಮೇಷ್ಟ್ರು ಚಿತ್ರದ ಮುಂದೆ ನಿಂತು, ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು. ಬಿಚ್ಚಿದರೆ ಒಳಗೆ ಹಿತ್ತಾಳೆಯ ಮೊಳೆ.

"ಜೋಡಿ ಮೊಳೆ ಸರೋಜಾ, ಒಂದೇ ಇದ್ರೆ ಹಾರ ಓರೆಯಾಗ್ತದೆ" ಎಂದರು.

ನನಗೆ ಆಶ್ಚರ್ಯವಾಯಿತು. "ನಿಮಗೆ ಗೊತ್ತಿತ್ತಾ ಮೇಷ್ಟ್ರೇ? ಅವತ್ತೇ?"

"ಅವತ್ತು ನಿಜವಾಗ್ಲೂ ಗೊತ್ತಾಗ್ಲಿಲ್ಲ. ಮನೆಗೆ ಹೋಗಿ ಕನ್ನಡಕ ಸಿಕ್ಕಿಸ್ತಿದ್ದಾಗ ಗೊತ್ತಾಯ್ತು" ಎಂದರು ಮೇಷ್ಟ್ರು. "ಆಮೇಲೆ ಕಿತ್ತಾಕೋಕೆ ಮನಸ್ಸಾಗ್ಲಿಲ್ಲ. ನಿಮ್ಮಪ್ಪ ಹೊಡ್ದಿದ್ದು."

"ಈಗ ಕೀಳಾಕೆ ಎರಡು ದಿನ ಹಿಡೀತಮ್ಮ" ಎಂದರು ರತ್ನಮ್ಮನವರು. "ಬಡಗಿನ ಕರೀತೀನಿ ಅಂದ್ರೆ ಕೇಳ್ಲಿಲ್ಲ. ಬೆಳಿಗ್ಗೆಯಿಂದ ಕನ್ನಡಕ ಕಾಣಿಸ್ತಿಲ್ಲ, ಹಂಗೇ ಬಂದವ್ರೆ."

ಸುತ್ತಿಗೆ ಅಪ್ಪನದೇ ಇತ್ತು. ಎರಡು ಕೊನೆಗೆ ಎರಡು ಮೊಳೆ ನಾನೇ ಹೊಡೆದೆ. ಎಡಗಡೆಯದು ನೆಟ್ಟಗೆ ಕೂತಿತು. ಬಲಗಡೆಯದನ್ನು ಹೊಡೆಯುವಾಗ ಕಣ್ಣು ಮಂಜಾಗಿ ಸ್ವಲ್ಪ ಬಗ್ಗಿತು. ಕಿತ್ತು ಮತ್ತೆ ಹೊಡೆಯಲೇ ಎಂದು ಮೇಷ್ಟ್ರ ಮುಖ ನೋಡಿದೆ. ಅವರಿಗೆ ಕನ್ನಡಕವಿರಲಿಲ್ಲ. ಬೆರಳಿನಿಂದ ಮೊಳೆಯನ್ನು ಸವರಿ, "ಸರಿಯಾಗಿದೆ" ಎಂದರು.